ದಸ್ತೂರಿ, ದಲಾಲಿ, ಕಮಿಷನ್: ಮುಂಬಯಿಯಲ್ಲಿ ಪರಿಚಯಕ್ಕೆ ತೆತ್ತ ಬೆಲೆ

ಪಾರಸಿ ಮತ್ತು ಅರಬ್ಬಿ ಭಾಷೆಗಳಿಂದ ನಮ್ಮ ವ್ಯವಹಾರದ ಮಾತಿಗೆ ಬಂದು ನೆಲೆಸಿದ ಪದಗಳಲ್ಲಿ ಮೂರು ಬಹಳ ಕುತೂಹಲಕಾರಿಯಾಗಿವೆ: ದಸ್ತೂರಿ, ಮಾಮೂಲು, ರುಸುಮು. ಒಬ್ಬನ ಕೆಲಸ ಮಾಡಿಕೊಡುವವನು ಮತ್ತೊಬ್ಬನಿಂದ ಪಡೆಯುವ ಪಾಲು ಮೊದಲನೆಯದು. ಕಚೇರಿಯ ಮೇಜಿನ ಕೆಳಗೆ ಕೈ ಬದಲಾಯಿಸುವ ಹಣ ಎರಡನೆಯದು. ಸರಕಾರ ರಸೀತಿ ಕೊಟ್ಟು ಪಡೆಯುವ ಶುಲ್ಕ ಮೂರನೆಯದು. ನಡತೆಯಲ್ಲಿ ಇಷ್ಟು ದೂರವಿರುವ ಈ ಮೂರೂ ಪದಗಳು ಮೂಲದಲ್ಲಿ ಒಂದೇ ಅರ್ಥವನ್ನು ಹೊತ್ತಿವೆ. ದಸ್ತೂರ್ ಎಂದರೆ ಪದ್ಧತಿ. ಮಾಮೂಲ್ ಎಂದರೆ ರೂಢಿಯಲ್ಲಿರುವುದು. ರುಸೂಮ್ ಎಂದರೆ ರೀತಿರಿವಾಜುಗಳು. ಹಣ ಯಾರಿಂದ ಬಂತು, ಯಾರಿಗೆ ಹೋಯಿತು, ಏಕೆ ಹೋಯಿತು ಎಂಬುದನ್ನು ಹೇಳದೆ ‘ಇದು ಇಲ್ಲಿನ ಪದ್ಧತಿ’ ಎಂದಷ್ಟೇ ಹೇಳಿ ಈ ಪದಗಳು ಸುಮ್ಮನಾಗುತ್ತವೆ.

ದಲ್ಲಾಳಿ ಎಂಬ ಪದ ಮಾತ್ರ ಬೇರೆ ಜಾತಿಯದು. ಅದರ ಅರಬ್ಬಿ ಧಾತುವಿಗೆ ತೋರಿಸು, ದಾರಿ ತೋರು ಎಂಬ ಅರ್ಥವಿದೆ. ಕೊಳ್ಳುವವನಿಗೆ ಮಾರುವವನನ್ನೂ ಮಾರುವವನಿಗೆ ಕೊಳ್ಳುವವನನ್ನೂ ತೋರಿಸುವವನು ದಲ್ಲಾಳಿ. ದಾರಿ ತೋರಿದ್ದಕ್ಕೆ ಕೂಲಿ ಪಡೆಯುವುದು ತಪ್ಪೇ? ಆ ಕೂಲಿಯನ್ನು ಯಾರು ಕೊಟ್ಟರೆಂಬುದನ್ನು ದಾರಿಹೋಕನಿಗೆ ಹೇಳಬೇಕೇ? ಮುಂಬಯಿ ಕಳೆದ ನೂರೈವತ್ತು ವರ್ಷಗಳಿಂದ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಬಂದಿದೆ. ಒಂದು ಬೀದಿಗೆ ದಲಾಲ ಸ್ಟ್ರೀಟ್ ಎಂದೇ ಹೆಸರಿಟ್ಟ ಈ ನಗರದಲ್ಲಿ ಆ ಹುಡುಕಾಟದ ಚರಿತ್ರೆಯನ್ನು ನೋಡುವುದು ಉಚಿತ.

ಆಲದ ಮರದಿಂದ ಆರಂಭಿಸೋಣ. 1850ರ ದಶಕದಲ್ಲಿ ಟೌನ್ ಹಾಲಿನ ಎದುರು ಆಲದ ಮರಗಳ ನೆರಳಿನಲ್ಲಿ ಷೇರು ದಲ್ಲಾಳಿಗಳು ಸೇರುತ್ತಿದ್ದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ಗುಜರಾತ, ಖಾನದೇಶ, ವರ್ಹಾಡಗಳ ಹತ್ತಿಯೊಂದಿಗೆ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಹಿಂದೆಂದೂ ಕಾಣದ ಬೆಲೆ ಬಂತು. ಮುಂಬಯಿಗೆ ಹರಿದ ಹಣ ಬ್ಯಾಂಕುಗಳ ಮತ್ತು ಸಮುದ್ರ ತುಂಬುವ ಕಂಪನಿಗಳ ಷೇರುಗಳಾಗಿ ಮಾರ್ಪಟ್ಟಿತು. ಈ ಕಾಲದ ನಾಯಕ ಪ್ರೇಮಚಂದ ರಾಯಚಂದ. ಯಾವ ಷೇರು ಏರಬೇಕು, ಯಾರಿಗೆ ಸಾಲ ಸಿಗಬೇಕು ಎಂಬುದೆಲ್ಲ ಅವರ ಮಾತಿನ ಮೇಲೆ ನಿಂತಿತ್ತು. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಅದರ ಬೆನ್ನಲ್ಲೇ ಬ್ಯಾಂಕ್ ಆಫ್ ಬಾಂಬೆಯೂ ಮುಳುಗಿತು. 1868ರಲ್ಲಿ ಸರ್ ಚಾರ್ಲ್ಸ್ ಜಾಕ್ಸನ್ ಅಧ್ಯಕ್ಷತೆಯ ಆಯೋಗ ನಡೆಸಿದ ವಿಚಾರಣೆಯಲ್ಲಿ, ಆ ಬ್ಯಾಂಕಿನ ಸಾಲಗಳ ಮೇಲೆ ಪ್ರೇಮಚಂದರ ಶಿಫಾರಸಿಗೆ ಎಷ್ಟು ಪ್ರಭಾವವಿತ್ತೆಂಬುದು ಬಯಲಿಗೆ ಬಂತು. ಪೇಟೆಯ ಲಾಭದಲ್ಲಿ ತಾನೇ ಪಾಲುದಾರನಾದವನ ಸಲಹೆಯನ್ನು ಬ್ಯಾಂಕು ನಿರ್ಲಿಪ್ತ ಸಲಹೆಯೆಂಬಂತೆ ಸ್ವೀಕರಿಸಿತ್ತು. ಪ್ರೇಮಚಂದರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿಕೊಟ್ಟ ರಾಜಾಬಾಯಿ ಗೋಪುರ ಇಂದಿಗೂ ಕೋಟೆ ಪ್ರದೇಶದ ಹೆಗ್ಗುರುತಾಗಿ ನಿಂತಿದೆ. ದಾನಿಯೂ ದಲ್ಲಾಳಿಯೂ ಒಬ್ಬನೇ ಆಗಿರಬಹುದೆಂಬುದು ಈ ನಗರಕ್ಕೆ ಹೊಸ ಸಂಗತಿಯೇನಲ್ಲ.

ಆ ಕುಸಿತದ ಅನುಭವದ ನಂತರ, 1875ರಲ್ಲಿ, ದಲ್ಲಾಳಿಗಳು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅದೇ ಮುಂದೆ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ ಆಯಿತು. ದಲ್ಲಾಳಿಗೆ ಗಿರಾಕಿಯನ್ನು ಕರೆತಂದು ಅವನ ದಲಾಲಿಯಲ್ಲಿ ಪಾಲು ಪಡೆಯುವವನಿಗೂ ಷೇರುಪೇಟೆಯಲ್ಲಿ ಒಂದು ಹೆಸರು ದೊರೆಯಿತು: ‘ರೆಮಿಸಿಯರ್’. ಫ್ರೆಂಚ್ ಮೂಲದ ಈ ಪದ 1957ರ ಸೆಕ್ಯುರಿಟೀಸ್ ಕಾಂಟ್ರಾಕ್ಟ್ಸ್ ನಿಯಮಗಳಲ್ಲಿಯೂ ಇದೆ. ಪರಿಚಯಿಸಿದ್ದಕ್ಕೆ ಪಾಲು ಎಂಬ ವ್ಯವಹಾರವನ್ನು ಷೇರುಪೇಟೆ ಮುಚ್ಚಿಡಲಿಲ್ಲ. ಅದಕ್ಕೊಂದು ಹೆಸರು, ನಿಯಮ ಮತ್ತು ದಾಖಲೆ ಇತ್ತು.

ಅದೇ ಕಾಲದಲ್ಲಿ, ಅಲ್ಲಿಂದ ಕೆಲವೇ ಮೈಲಿ ದೂರದ ಗಿರಣಗಾವಿನಲ್ಲಿ ಇದೇ ವ್ಯವಹಾರ ಹೆಸರಿಲ್ಲದೆ, ದಾಖಲೆಯಿಲ್ಲದೆ ನಡೆಯುತ್ತಿತ್ತು. ಕಾವಸಜಿ ದಾವರ ಅವರು 1854ರಲ್ಲಿ ಆರಂಭಿಸಿದ ಕಂಪನಿಯ ಗಿರಣಿ ತಾಡದೇವದಲ್ಲಿ 1856ರಲ್ಲಿ ಕೆಲಸ ಪ್ರಾರಂಭಿಸಿತು. ಮುಂದಿನ ದಶಕಗಳಲ್ಲಿ ಪರಳ, ಲಾಲಬಾಗ, ವರಳಿಗಳವರೆಗೆ ಗಿರಣಿಯ ಚಿಮಣಿಗಳು ಎದ್ದವು. ಗಿರಣಿಗೆ ಆಳು ತರುವವನು ಮುಕಾದಮ. ಇಂಗ್ಲಿಷಿನವರ ಬಾಯಲ್ಲಿ ಅವನು ಜಾಬರ್. ತನ್ನ ಊರಿನವರನ್ನು, ನೆಂಟರನ್ನು, ತಾನಿರುವ ಚಾಳಿನವರನ್ನು ಅವನು ಗಿರಣಿಗೆ ಪರಿಚಯಿಸುತ್ತಿದ್ದ. ಕೆಲಸಕ್ಕೆ ಸೇರುವಾಗ ಕಾರ್ಮಿಕ ಅವನಿಗೆ ದಸ್ತೂರಿ ಕೊಡಬೇಕಿತ್ತು. ರಜೆಯ ಮೇಲೆ ಊರಿಗೆ ಹೋಗಿ ಬಂದವನು ಮರಳಿ ಸೇರುವಾಗಲೂ ಕೊಡಬೇಕಾಗುತ್ತಿತ್ತು. ಬದಲಿಯಾಗಿ ದಿನಗೂಲಿ ಸಿಗಬೇಕಾದವನಿಗಂತೂ ಇದು ಅನ್ನದ ಪ್ರಶ್ನೆ. ಮಾಲೀಕ ಸಂಬಳ ಕೊಡುತ್ತಿದ್ದ. ಆ ಸಂಬಳದ ಒಂದು ಪಾಲು ಮುಕಾದಮನ ಜೇಬಿಗೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು, ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬ್ರಿಟಿಷ್ ಇಂಡಿಯಾದ ಪದಕೋಶವಾದ ‘ಹಾಬ್ಸನ್-ಜಾಬ್ಸನ್’ 1886ರಲ್ಲಿ ಅಚ್ಚಾದಾಗಲೇ ದಸ್ತೂರಿಗೆ ಅದರಲ್ಲಿ ಜಾಗವಿತ್ತು ಎಂಬುದನ್ನು ನೋಡಿದರೆ, ಈ ಪದ್ಧತಿ ಎಷ್ಟು ಸಾಮಾನ್ಯವಾಗಿತ್ತೆಂಬುದು ತಿಳಿಯುತ್ತದೆ.

1929ರಲ್ಲಿ ಜೆ. ಎಚ್. ವಿಟ್ಲಿ ಅವರ ಅಧ್ಯಕ್ಷತೆಯಲ್ಲಿ ಕಾರ್ಮಿಕರ ಸ್ಥಿತಿಗತಿ ಕುರಿತ ರಾಯಲ್ ಕಮಿಷನ್ ನೇಮಕವಾಯಿತು. ಮುಂಬಯಿಯ ಕಾರ್ಮಿಕ ನಾಯಕ ನಾ. ಮ. ಜೋಶಿಯವರು ಅದರ ಸದಸ್ಯರಲ್ಲಿ ಒಬ್ಬರು. 1931ರ ಅದರ ವರದಿ ಮುಕಾದಮನ ಲಂಚವನ್ನು ಸ್ಪಷ್ಟವಾಗಿ ಗುರುತಿಸಿ, ಕೆಲಸಕ್ಕೆ ತೆಗೆದುಕೊಳ್ಳುವ ಮತ್ತು ಬಿಡಿಸುವ ಅಧಿಕಾರ ಅವನ ಕೈಯಲ್ಲಿರಬಾರದು, ಅದಕ್ಕಾಗಿಯೇ ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕು ಎಂದು ಸೂಚಿಸಿತು. 1935ರಲ್ಲಿ ಮುಂಬಯಿಯ ಗಿರಣಿ ಮಾಲೀಕರ ಸಂಘ ಬದಲಿ ನಿಯಂತ್ರಣ ಪದ್ಧತಿಯನ್ನು ಜಾರಿಗೆ ತಂದಿತು. ಬದಲಿ ಕಾರ್ಮಿಕರಿಗೆ ತಿಂಗಳ ಆರಂಭದಲ್ಲಿ ಕಾರ್ಡು ಕೊಡುವುದು, ಪ್ರತಿ ಬೆಳಿಗ್ಗೆ ಹಾಜರಾದ ಕಾರ್ಡುದಾರರಲ್ಲಿಯೇ ಅಂದಿನ ಖಾಲಿ ಜಾಗ ತುಂಬುವುದು ಅದರ ಕ್ರಮ. ಮುಕಾದಮನ ಮರ್ಜಿ ಇದ್ದ ಜಾಗಕ್ಕೆ ಒಂದು ತುಂಡು ಕಾಗದ ಬಂದಿತು.

ಇತಿಹಾಸಕಾರ ರಾಜನಾರಾಯಣ ಚಂದಾವರಕರ ಅವರು ಮುಂಬಯಿಯ ಕಾರ್ಮಿಕ ವರ್ಗದ ಕುರಿತು ಬರೆಯುತ್ತ, ಮುಕಾದಮನ ಅಧಿಕಾರವನ್ನು ಅತಿಯಾಗಿ ಚಿತ್ರಿಸಬಾರದೆಂದು ಎಚ್ಚರಿಸಿದ್ದಾರೆ. ಮಾಲೀಕ ಅವನ ಮೇಲೆ ಅವಲಂಬಿಸಿದ್ದಂತೆಯೇ ಅವನೂ ತನ್ನ ಕೇರಿಯ ಜನರ ವಿಶ್ವಾಸದ ಮೇಲೆ ಅವಲಂಬಿಸಿದ್ದ. ಕಷ್ಟಕಾಲದಲ್ಲಿ ಸಾಲ, ಇರಲು ಒಂದು ಮೂಲೆ, ಅಂಗಡಿಯಲ್ಲಿ ಉದ್ರಿಗೆ ಜಾಮೀನು ಇವೆಲ್ಲ ಅವನಿಂದ ಸಿಗುತ್ತಿದ್ದವು. ಈ ಮಾತು ಸರಿಯಾದುದೇ. ಆದರೆ ಆ ಸೇವೆಗೆ ಬೆಲೆ ಎಷ್ಟೆಂದು ನಿಗದಿಯಾಗಿರಲಿಲ್ಲ, ಕೊಟ್ಟದ್ದಕ್ಕೆ ಲೆಕ್ಕವಿರಲಿಲ್ಲ, ಕೊಡಲಾರೆ ಎನ್ನುವ ಸ್ವಾತಂತ್ರ್ಯವೂ ಇರಲಿಲ್ಲ.

ಗಿರಣಿಯ ನೆಲದ ಮೇಲೆ ದಸ್ತೂರಿಯಾದರೆ, ಮಹಡಿಯ ಮೇಲಿನ ಕಚೇರಿಯಲ್ಲಿ ಕಮಿಷನ್. ಗಿರಣಿ ಕಂಪನಿಗಳನ್ನು ನಡೆಸುತ್ತಿದ್ದವರು ಮ್ಯಾನೇಜಿಂಗ್ ಏಜೆಂಟರು. ಗಿರಣಿಗೆ ಲಾಭವಾಗಲಿ ನಷ್ಟವಾಗಲಿ, ತಯಾರಾದ ಪ್ರತಿ ಪೌಂಡ್ ನೂಲಿಗೆ ಕಾಲು ಆಣೆಯಂತೆ ಅವರಿಗೆ ಸಲ್ಲಬೇಕೆಂಬ ಕರಾರು ಮುಂಬಯಿಯಲ್ಲಿ ಬಹುಕಾಲ ನಡೆಯಿತು. ಲಾಭದ ಮೇಲೆ ಮಾತ್ರ ಕಮಿಷನ್ ಪಡೆಯುವ ಪದ್ಧತಿಗೆ ಜಮಶೇಟಜಿ ಟಾಟಾ ಅವರು ಮೇಲ್ಪಂಕ್ತಿ ಹಾಕಿದರು. ಕಾಲು ಆಣೆಯ ಕರಾರು ಷೇರುದಾರರಿಗಾದರೂ ಗೊತ್ತಿತ್ತು. ಏಜೆಂಟರು ಕಂಪನಿಗಾಗಿ ಯಂತ್ರ, ಹತ್ತಿ, ಕಲ್ಲಿದ್ದಲು ಕೊಳ್ಳುವಾಗ ಮಾರುವವರಿಂದ ಏನು ಪಡೆಯುತ್ತಿದ್ದರೆಂಬುದು ಅವರಿಗೆ ಕಾಣುತ್ತಿರಲಿಲ್ಲ. 1936ರ ಕಂಪನಿ ಕಾಯಿದೆಯ ತಿದ್ದುಪಡಿ ಏಜೆಂಟರ ಪ್ರತಿಫಲವನ್ನು ನಿವ್ವಳ ಲಾಭದ ನಿಗದಿತ ಪಾಲಿಗೆ ಕಟ್ಟಿಹಾಕಿತು. 1956ರ ಕಾಯಿದೆ ಅದಕ್ಕೆ ಇನ್ನೂ ಬಿಗಿಯಾದ ಮಿತಿ ಹಾಕಿತು. 1970ರ ಏಪ್ರಿಲ್ 3ರಂದು ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿಯೇ ಕೊನೆಗೊಂಡಿತು.

ನಮ್ಮ ನಾಡಿನ ಹತ್ತಿಪೇಟೆಗಳ ಕಥೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹುಬ್ಬಳ್ಳಿ, ಗದಗುಗಳ ಹತ್ತಿ ಮುಂಬಯಿಯ ವ್ಯಾಪಾರಿಗಳ ಕಣ್ಣೆದುರಿನ ಸರಕು. ಮಾರುವವನ ಮತ್ತು ಕೊಳ್ಳುವವನ ದಲ್ಲಾಳಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುವ ಪದ್ಧತಿ ದೇಶದ ಅನೇಕ ಪೇಟೆಗಳಲ್ಲಿತ್ತು. ಬೆಳೆದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನ ಬೆಳೆಯ ಬೆಲೆ ಅವನಿಗೆ ಕಾಣುತ್ತಿರಲಿಲ್ಲ. ಕೃಷಿ ಕುರಿತ ರಾಯಲ್ ಕಮಿಷನ್ 1928ರಲ್ಲಿ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. 1939ರ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಆ ದಾರಿಯಲ್ಲಿ ನಡೆಯಿತು. ದಲ್ಲಾಳಿಗೆ ಪರವಾನಗಿ ಬೇಕು, ತೂಕ ಮತ್ತು ದರ ಎಲ್ಲರೆದುರು ಆಗಬೇಕು ಎಂಬುದು ಇಂಥ ಕಾಯಿದೆಗಳ ಆಶಯ. ದಲ್ಲಾಳಿಯನ್ನು ಓಡಿಸುವ ಬದಲು ಅವನ ಕೈಮೇಲಿನ ಬಟ್ಟೆಯನ್ನು ತೆಗೆಯಲು ಕಾನೂನು ಯತ್ನಿಸಿತು.

ಇನ್ನು ಈ ಎಲ್ಲ ಬಗೆಯ ವ್ಯವಹಾರಗಳಿಗೆ ಅನ್ವಯಿಸುವ ಸಾಮಾನ್ಯ ಕಾನೂನನ್ನು ನೋಡೋಣ. 1872ರ ಭಾರತೀಯ ಕರಾರು ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಒಬ್ಬನ ಪರವಾಗಿ ವ್ಯವಹರಿಸುವವನು ಆ ಧಣಿಗೆ ತಿಳಿಸದೆ ತನ್ನ ಸ್ವಂತ ಲಾಭಕ್ಕಾಗಿ ಆ ವ್ಯವಹಾರದಲ್ಲಿ ತೊಡಗಿದರೆ ಏನಾಗಬೇಕೆಂಬುದನ್ನು ಅದರ 215 ಮತ್ತು 216ನೆಯ ಕಲಮುಗಳು ಹೇಳುತ್ತವೆ. ಮುಖ್ಯ ಸಂಗತಿಯನ್ನು ಅಪ್ರಾಮಾಣಿಕವಾಗಿ ಮುಚ್ಚಿಟ್ಟಿದ್ದರೆ, ಅಥವಾ ವ್ಯವಹಾರದಿಂದ ತನಗೆ ಹಾನಿಯಾಗಿದ್ದರೆ, ಧಣಿ ಅದನ್ನು ತಿರಸ್ಕರಿಸಬಹುದು. ಪ್ರತಿನಿಧಿಗೆ ಸಿಕ್ಕ ಲಾಭವನ್ನು ತನಗೆ ಒಪ್ಪಿಸೆಂದು ಕೇಳಬಹುದು. ದುರ್ನಡತೆ ತೋರಿದ ಪ್ರತಿನಿಧಿಗೆ ಆ ಭಾಗದ ಕೆಲಸಕ್ಕೆ ಪ್ರತಿಫಲವೂ ಇಲ್ಲವೆನ್ನುತ್ತದೆ 220ನೆಯ ಕಲಮು. ಕಾಯಿದೆ ಕೊಡುವ ಒಂದು ಉದಾಹರಣೆ ಮುಂಬಯಿಯವರಿಗೆ ಚೆನ್ನಾಗಿ ಹಿಡಿಸುತ್ತದೆ: ನನಗಾಗಿ ಆ ಮನೆ ಕೊಳ್ಳು ಎಂದು ಕಳಿಸಿದವನು, ಆ ಮನೆ ಸಿಗುವುದಿಲ್ಲವೆಂದು ಹೇಳಿ ತಾನೇ ಕೊಂಡುಕೊಂಡರೆ, ಅದೇ ಬೆಲೆಗೆ ತನಗೆ ಮಾರುವಂತೆ ಧಣಿ ಅವನನ್ನು ಒತ್ತಾಯಿಸಬಹುದು.

ಸಾಮಾನ್ಯ ವ್ಯಾಪಾರದಲ್ಲಿ ಪರಿಚಯಿಸಿದ್ದಕ್ಕೆ ಹಣ ಪಡೆಯುವುದು ಅಪರಾಧವಲ್ಲ. ಅದನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಬೇಕು. 1961ರ ಆದಾಯ ತೆರಿಗೆ ಕಾಯಿದೆಯ 194ಎಚ್ ಕಲಮು ಕಮಿಷನ್ ಕೊಡುವವನೇ ಮೊದಲು ತೆರಿಗೆ ಕಡಿತ ಮಾಡಬೇಕೆಂದು ವಿಧಿಸಿತು. ಆದರೆ ನನ್ನ ನಂಬಿಕೆಯನ್ನು ಹೊತ್ತವನು ನನ್ನ ಎದುರಿನ ಪಕ್ಷದಿಂದಲೂ ನನಗೆ ತಿಳಿಯದಂತೆ ಪಡೆದರೆ ಕರಾರು ಕಾನೂನು ನನ್ನ ಬೆಂಬಲಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ 1906ರ ಕಾಯಿದೆ ಖಾಸಗಿ ವ್ಯವಹಾರದ ಇಂಥ ಗುಪ್ತ ಕಮಿಷನ್ನನ್ನು ದಂಡನೀಯ ಅಪರಾಧವಾಗಿಸಿತು. ಅದೇ ಇಂಗ್ಲಿಷರು ಆಳುತ್ತಿದ್ದ ಇಲ್ಲಿ ಮಾತ್ರ ಲಂಚದ ಕಾನೂನು ಸರಕಾರಿ ನೌಕರನ ಸುತ್ತಲೇ ಉಳಿಯಿತು. ಖಾಸಗಿ ವ್ಯವಹಾರದಲ್ಲಿ ಮೋಸಹೋದವನು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು, ಇಲ್ಲವೇ ವಂಚನೆ, ವಿಶ್ವಾಸದ್ರೋಹಗಳ ಕಲಮುಗಳಲ್ಲಿ ಹಾದಿ ಹುಡುಕಬೇಕು.

ಕೆಲವು ವೃತ್ತಿಗಳಲ್ಲಿ ಮಾತ್ರ ತಿಳಿಸಿ ಪಡೆದರೂ ತಪ್ಪು ತಪ್ಪೇ. ವಕೀಲನಿಗೆ ಕಕ್ಷಿದಾರನನ್ನು ತಂದುಕೊಟ್ಟು ಹಣ ಪಡೆಯುವವನನ್ನು 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯಿದೆ ‘ಟೌಟ್’ ಎಂದು ಕರೆಯಿತು. ಅಂಥವರ ಹೆಸರುಗಳ ಪಟ್ಟಿಯನ್ನು ನ್ಯಾಯಾಲಯದಲ್ಲಿ ತೂಗುಹಾಕುವ ಏರ್ಪಾಟೂ ಆ ಕಾಯಿದೆಯಲ್ಲಿತ್ತು. 2023ರಲ್ಲಿ ಸಂಸತ್ತು ಆ ಹಳೆಯ ಕಾಯಿದೆಯನ್ನು ರದ್ದುಪಡಿಸಿದರೂ, ಈ ಪಟ್ಟಿಯ ಏರ್ಪಾಟನ್ನು ಮಾತ್ರ ವಕೀಲರ ಕಾಯಿದೆಯೊಳಕ್ಕೆ ಎತ್ತಿಟ್ಟುಕೊಂಡಿತು. ವಿಮೆಯಲ್ಲಿ 1938ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದವರಿಗೆ ಕಮಿಷನ್ ಕೊಡುವಂತಿಲ್ಲ. ಏಜೆಂಟನು ತನ್ನ ಕಮಿಷನ್ನಿನ ಪಾಲನ್ನು ಪಾಲಿಸಿದಾರನಿಗೆ ಬಿಟ್ಟುಕೊಡುವುದಕ್ಕೂ 41ನೆಯ ಕಲಮು ಅಡ್ಡಿ. ಆ ‘ಬಿಟ್ಟುಕೊಡುವಿಕೆ’ ಸ್ನೇಹದ ಸಂಕೇತವೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ.

ವೈದ್ಯಕೀಯದಲ್ಲಿ ಪ್ರಶ್ನೆ ಇನ್ನಷ್ಟು ಗಂಭೀರ. ರೋಗಿಯನ್ನು ಕಳಿಸಿಕೊಟ್ಟಿದ್ದಕ್ಕೆ ಉಡುಗೊರೆ, ಕಮಿಷನ್, ಬೋನಸ್ ಯಾವುದನ್ನೂ ಕೊಡಬಾರದು, ಕೇಳಬಾರದು, ಪಡೆಯಬಾರದು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ 6.4ನೆಯ ನಿಯಮ ವಿಧಿಸಿತು. ಆದರೂ ‘ಕಟ್ ಪ್ರಾಕ್ಟೀಸ್’ ಎಂಬ ಮಾತು ಮುಂಬಯಿಯಲ್ಲಿ ಎಲ್ಲರಿಗೂ ಪರಿಚಿತ. 2017ರಲ್ಲಿ ಏಷ್ಯನ್ ಹಾರ್ಟ್ ಇನ್‌ಸ್ಟಿಟ್ಯೂಟ್ ಆಸ್ಪತ್ರೆ, ತಾನು ವೈದ್ಯರಿಗೆ ಕಮಿಷನ್ ಕೊಡುವುದಿಲ್ಲವೆಂದು ನಗರದಲ್ಲಿ ದೊಡ್ಡ ಫಲಕಗಳನ್ನು ಹಾಕಿಸಿತು. ವೈದ್ಯರ ಸಂಘಟನೆ ಅದಕ್ಕೆ ಆಕ್ಷೇಪವೆತ್ತಿತು. ಅದೇ ವರ್ಷ ಮಹಾರಾಷ್ಟ್ರ ಸರಕಾರ ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರವೀಣ ದೀಕ್ಷಿತ ಅವರ ನೇತೃತ್ವದ ಸಮಿತಿಯಿಂದ ಇದಕ್ಕೆಂದೇ ಪ್ರತ್ಯೇಕ ಕಾನೂನಿನ ಕರಡು ಸಿದ್ಧಪಡಿಸಿತು. ಕರಡು ಕಾಯಿದೆಯ ರೂಪ ತಾಳಲಿಲ್ಲ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ, ಔಷಧ ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆಗಳ ಖರ್ಚನ್ನು ವ್ಯವಹಾರದ ವೆಚ್ಚವೆಂದು ತೆರಿಗೆಯಲ್ಲಿ ಕಳೆಯಲಾಗದು ಎಂದು ತೀರ್ಪಿತ್ತಿತು. ರೋಗಿಯ ಕೈಯಲ್ಲಿ ಆಯ್ಕೆಯಿಲ್ಲ, ಚೌಕಾಶಿಗೆ ಸಮಯವೂ ಇಲ್ಲ. ‘ನನಗೆ ಇಷ್ಟು ಸಿಗುತ್ತದೆ’ ಎಂದು ವೈದ್ಯ ಹೇಳಿದ ಮಾತ್ರಕ್ಕೆ ಆ ಪರೀಕ್ಷೆ ಅಗತ್ಯವಿತ್ತೋ ಇಲ್ಲವೋ ಎಂಬುದು ರೋಗಿಗೆ ತಿಳಿಯುವುದಿಲ್ಲ. ಇಲ್ಲಿ ಸಂಪೂರ್ಣ ನಿಷೇಧವೇ ಇರುವುದು ಈ ಕಾರಣಕ್ಕೆ.

ಹಣದ ಹೂಡಿಕೆಯಲ್ಲಿ ಕಾನೂನು ಬೇರೆ ದಾರಿ ಹಿಡಿಯಿತು. ಮ್ಯೂಚುವಲ್ ಫಂಡಿನಲ್ಲಿ ಹಾಕಿದ ಹಣದಲ್ಲಿ ಶೇಕಡಾ 2.25ರವರೆಗೆ ಪ್ರವೇಶದಲ್ಲೇ ಕಡಿತವಾಗಿ ಏಜೆಂಟನ ಕಮಿಷನ್ನಿಗೆ ಹೋಗುತ್ತಿತ್ತು. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಕಚೇರಿಯಿರುವ ಸೆಬಿ 2009ರ ಆಗಸ್ಟ್ 1ರಿಂದ ಅದನ್ನು ನಿಲ್ಲಿಸಿತು. ಬೇರೆಬೇರೆ ಯೋಜನೆಗಳಿಂದ ತನಗೆ ದೊರೆಯುವ ಕಮಿಷನ್ ಎಷ್ಟೆಂಬುದನ್ನು ವಿತರಕ ಹೂಡಿಕೆದಾರನಿಗೆ ತಿಳಿಸಬೇಕೆಂದೂ ವಿಧಿಸಿತು. 2013ರಿಂದ ದಲ್ಲಾಳಿಯಿಲ್ಲದೆ ನೇರವಾಗಿ ಹೂಡುವ ದಾರಿಯೂ ತೆರೆಯಿತು.

ಮನೆಯ ವಿಷಯ ಬಂದರೆ ಮುಂಬಯಿಯ ಪಗಡಿಯನ್ನು ನೆನೆಯದೆ ಮುಂದೆ ಹೋಗಲಾಗದು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯ ಹೊರತಾದ ಪಗಡಿಯನ್ನು ಮಾಲೀಕನಾಗಲಿ ಅವನ ಪರವಾಗಿ ವರ್ತಿಸುವವನಾಗಲಿ ಪಡೆಯುವುದನ್ನು ಅಪರಾಧವೆಂದಿತು. ಅರ್ಧ ಶತಮಾನ ಕಾಲ ಸಾವಿರಾರು ಕೋಣೆಗಳು ರಸೀತಿಯಿಲ್ಲದ ಹಣದ ಮೇಲೆ ಕೈ ಬದಲಾಯಿಸಿದವು. ಕೊನೆಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 56ನೆಯ ಕಲಮು ಅದೇ ಪಗಡಿಯನ್ನು ಕಾನೂನುಬದ್ಧಗೊಳಿಸಿತು. 2016ರ ರೇರಾ ಕಾಯಿದೆ, ನೋಂದಾಯಿತ ಯೋಜನೆಗಳ ಮನೆ ಮಾರಿಸುವ ಏಜೆಂಟರೂ ನೋಂದಾಯಿಸಿಕೊಳ್ಳಬೇಕು, ಲೆಕ್ಕಪತ್ರ ಇಡಬೇಕು ಎಂದಿತು. ಹಳೆಯ ಕಟ್ಟಡದಲ್ಲಿ ಬಾಡಿಗೆ ಮನೆ ತೋರಿಸುವ ದಲ್ಲಾಳಿ ಈ ಬೇಲಿಯ ಹೊರಗಿದ್ದಾನೆ. ಮನೆ ಕೊಡುವವನಿಂದಲೂ ಪಡೆಯುವವನಿಂದಲೂ ಅವನು ದಲಾಲಿ ತೆಗೆದುಕೊಳ್ಳುವುದು ಇಂದಿಗೂ ರೂಢಿ.

ಈ ಚರಿತ್ರೆಯಲ್ಲಿ ಮುಂಬಯಿ ಕನ್ನಡಿಗರ ಸ್ಥಾನವೇನು? ಕರಾವಳಿಯಿಂದ ಬಂದ ಹುಡುಗ ಮಾಟುಂಗಾದಲ್ಲೋ ಕೋಟೆಯಲ್ಲೋ ಉಡುಪಿ ಹೋಟೆಲು ಸೇರಿ, ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಕಥೆ ನಮ್ಮ ಮನೆಮನೆಯದು. ಅವನನ್ನು ಕರೆತಂದವನು ಮಾವನೋ ಭಾವನೋ ಊರಿನವನೋ ಆಗಿರುತ್ತಿದ್ದ. ಆ ಪರಿಚಯಕ್ಕೆ ಹಣದ ಬೆಲೆಯಿರಲಿಲ್ಲವೆಂದು ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ಸ್ವಲ್ಪ ನಿಂತು ಯೋಚಿಸಬೇಕು. ಕರೆತಂದವನ ಮರ್ಯಾದೆಗಾಗಿ ಹುಡುಗ ಸಂಬಳ ಹೆಚ್ಚಿಸೆಂದು ಕೇಳಲಾರ. ಕೆಲಸ ಬಿಟ್ಟು ಬೇರೆಡೆಗೆ ಹೋಗಲಾರ. ಆ ನಿಷ್ಠೆಯಿಂದ ಲಾಭವಾಗುತ್ತಿದ್ದುದು ಧಣಿಗೆ. ಮುಕಾದಮನ ದಸ್ತೂರಿ ಒಂದು ದಿನ ತೀರುತ್ತಿತ್ತು; ಉಪಕಾರದ ಋಣಕ್ಕೆ ಕೊನೆಯ ಕಂತೇ ಇಲ್ಲ. ಇದನ್ನು ಹೇಳುವುದು ಆ ಹಿರಿಯರ ಔದಾರ್ಯವನ್ನು ಅಲ್ಲಗಳೆಯಲು ಅಲ್ಲ. ಅವರು ಕೈಹಿಡಿಯದಿದ್ದರೆ ನಮ್ಮಲ್ಲಿ ಎಷ್ಟೋ ಕುಟುಂಬಗಳು ಈ ಊರಿಗೆ ಬರುತ್ತಲೇ ಇರಲಿಲ್ಲ. ಪರಿಚಯಕ್ಕೆ ಸದಾ ಒಂದು ಬೆಲೆಯಿರುತ್ತದೆ, ಹಣವಿಲ್ಲದ ಕಡೆ ಅದು ಬೇರೆ ರೂಪದಲ್ಲಿರುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಹೊರನಾಡಿನಲ್ಲಿ ನಾವು ಇಂದಿಗೂ ಪರಿಚಯದ ಮೇಲೆಯೇ ಬದುಕುತ್ತೇವೆ. ಮನೆ, ಆಸ್ಪತ್ರೆ, ವಿಮೆ, ಮಗಳ ಮದುವೆಯ ಸಭಾಗೃಹ, ಎಲ್ಲಕ್ಕೂ ‘ನಮ್ಮವರೊಬ್ಬರು’ ಇರುತ್ತಾರೆ. ‘ನಮ್ಮವರು’ ಎಂದ ಮೇಲೆ, ‘ಇದರಲ್ಲಿ ನಿಮಗೆ ಆ ಕಡೆಯಿಂದೇನಾದರೂ ಬರುತ್ತದೆಯೇ?’ ಎಂದು ಕೇಳುವುದು ಅಸಭ್ಯವೆನಿಸುತ್ತದೆ. ಇದೇ ದಾಕ್ಷಿಣ್ಯವನ್ನು ನಂಬಿಕೊಂಡು ದಸ್ತೂರಿ ನೂರು ವರ್ಷ ಬದುಕಿತು. ಸಂಘಸಂಸ್ಥೆಗಳನ್ನು ನಡೆಸುವವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಸದಸ್ಯರಿಗೆ ಒಂದು ಯೋಜನೆಯನ್ನೋ ಸೇವೆಯನ್ನೋ ವೇದಿಕೆಯಿಂದ ಶಿಫಾರಸು ಮಾಡುವಾಗ, ಅದರಿಂದ ಸಂಘಕ್ಕಾಗಲಿ ಪದಾಧಿಕಾರಿಗಾಗಲಿ ಏನಾದರೂ ದೊರೆಯುವುದಿದ್ದರೆ ಅದನ್ನು ಅದೇ ವೇದಿಕೆಯಿಂದ ಹೇಳಿಬಿಡುವುದು ಒಳ್ಳೆಯದು. ಹಾಗೆ ಹೇಳಿ ಪಡೆದ ಹಣ ಜಾಹೀರಾತಿನ ಆದಾಯದಂತೆ ನಿಷ್ಕಳಂಕವಾಗಿ ಲೆಕ್ಕಪತ್ರದಲ್ಲಿ ಕೂರುತ್ತದೆ. ಹೇಳದೆ ಪಡೆದದ್ದು ಎಷ್ಟೇ ಸಣ್ಣದಾದರೂ, ಅದನ್ನು ಬರೆದಿಡಲು ಲೆಕ್ಕದ ಪುಸ್ತಕದಲ್ಲಿ ಜಾಗ ಸಿಗುವುದಿಲ್ಲ.

ರೆಮಿಸಿಯರನಿಗೂ ಮುಕಾದಮನಿಗೂ ಇದ್ದ ವ್ಯತ್ಯಾಸ ಇದೇ. ಇಬ್ಬರೂ ಪರಿಚಯಿಸಿದರು, ಇಬ್ಬರೂ ಪಾಲು ಪಡೆದರು. ಒಬ್ಬನ ಪಾಲು ಪೇಟೆಯ ನಿಯಮಕ್ಕೆ ಒಳಪಟ್ಟಿತ್ತು. ಇನ್ನೊಬ್ಬನದು, ಹಸಿದವನು ಪ್ರಶ್ನಿಸಲಾರದ ‘ಪದ್ಧತಿ’ಯಾಗಿತ್ತು. ಆ ಪದ್ಧತಿಯನ್ನು ಸಡಿಲಿಸಲು ಒಂದು ರಾಯಲ್ ಕಮಿಷನ್ ಬೇಕಾಯಿತು, ಕಾರ್ಡುಗಳು ಬೇಕಾದವು, ಕಾರ್ಮಿಕ ಅಧಿಕಾರಿಗಳು ಬೇಕಾದರು. ನಮ್ಮನಮ್ಮ ನಡುವಿನ ವ್ಯವಹಾರದಲ್ಲಿ ಅಷ್ಟೆಲ್ಲ ಬೇಕಾಗದು. ಕೇಳುವವನು ಸಂಕೋಚವಿಲ್ಲದೆ ಕೇಳಬೇಕು, ಹೇಳುವವನು ಕೇಳುವ ಮೊದಲೇ ಹೇಳಬೇಕು.